ಆಫೀಸು ಬಿಟ್ಟ ಮೇಲಿನ ಹೊತ್ತು

2023ರ ಅಕ್ಟೋಬರ್ 1, ಭಾನುವಾರ. ಬೆಳಿಗ್ಗೆ 10 ಗಂಟೆಗೆ ದೇಶದ ಜನರೆಲ್ಲ ಒಂದು ಗಂಟೆ ಶ್ರಮದಾನ ಮಾಡಬೇಕು ಅಂತ ಕೇಂದ್ರ ಸರ್ಕಾರ ಕರೆ ಕೊಟ್ಟಿತ್ತು. ಅಧಿಕಾರಿಗಳು, ಬ್ಯಾಂಕಿನವರು, ಕಂಪನಿ ನೌಕರರು ಹೊಸ ಪೊರಕೆ ಹಿಡಿದು ಬೀದಿಗಿಳಿದರು. ಮಾರನೆ ದಿನ ಪೇಪರಿನಲ್ಲಿ ಫೋಟೋ. ಅದೇ ಬೀದಿಯನ್ನು ಕೋಳಿ ಕೂಗುವ ಹೊತ್ತಿಗೇ ಗುಡಿಸಿ ಹೋಗಿದ್ದ ಪೌರಕಾರ್ಮಿಕ ಹೆಂಗಸಿನ ಫೋಟೋವನ್ನು ನಾವು ಎಲ್ಲೂ ಕಾಣಲಿಲ್ಲ. ಒಂದು ಗಂಟೆ ಗುಡಿಸಿದವರದು ಸೇವೆ, ವರ್ಷದ ಉದ್ದಕ್ಕೂ ಗುಡಿಸುವವಳದು ಕಸುಬು. ಅದೂ ಹುಟ್ಟಿನಿಂದ ಬಂದ ಕಸುಬು.

ಅದಕ್ಕೇ ‘ಸಮಾಜ ಸೇವೆ’, ‘ಸ್ವಯಂಸೇವೆ’ ಎಂಬ ಮಾತು ಕೇಳಿದ ಕೂಡಲೇ ನಮ್ಮ ಕೇರಿಗಳ ಮುದುಕರು ಮುಖ ಸಿಂಡರಿಸುತ್ತಾರೆ. ಅವರಿಗೆ ಸಂಬಳವಿಲ್ಲದ ಕೆಲಸ ಅಂದರೆ ಗೊತ್ತಿರುವುದು ಒಂದೇ: ಬಿಟ್ಟಿ. ಸತ್ತ ದನ ಸಾಗಿಸೋದು ಬಿಟ್ಟಿ. ಸಾವಿನ ಸುದ್ದಿ ಹೊತ್ತು ಹರಿದಾರಿ ದೂರ ನಡೆಯೋದು ಬಿಟ್ಟಿ. ಹಬ್ಬಕ್ಕೆ ತಮಟೆ ಬಡಿಯೋದು, ತೇರಿನ ಬೀದಿ ಗುಡಿಸೋದು, ಹೆಣಕ್ಕೆ ಗುಂಡಿ ತೋಡೋದು, ಸಾಹೇಬರು ಊರಿಗೆ ಬಂದರೆ ಗಂಟು ಹೊರೋದು ಎಲ್ಲವೂ ಬಿಟ್ಟಿ. ಸುಗ್ಗಿಯಲ್ಲಿ ಕಣದ ಅಂಚಿನಲ್ಲಿ ನಿಂತು ಬೇಡಿ ತಂದ ಕಾಳೇ ಇದಕ್ಕೆಲ್ಲ ಕೂಲಿ. 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದು ತೋಟಿ, ತಳವಾರಿಕೆಯ ವಂಶಪಾರಂಪರ್ಯ ಚಾಕರಿ ಕಾಗದದ ಮೇಲೆ ಹೋಯಿತು. ಊರಿನ ನಾಲಿಗೆಯಿಂದ ಹೋಗಲಿಲ್ಲ. “ಲೇ, ಬಾರೋ ಇಲ್ಲಿ” ಅನ್ನೋ ಕೂಗು ಕೇಳಿದರೆ ಕೈಲಿದ್ದ ಕೆಲಸ ಬಿಟ್ಟು ಓಡಬೇಕಿತ್ತು.

ಹೀಗೆ ನೂರಾರು ವರ್ಷ ಬಲವಂತದಿಂದ ಬಿಟ್ಟಿ ಮಾಡಿದ ಜನರ ಮಕ್ಕಳು, ಕೈಗೆ ಸಂಬಳ ಬಂದ ಮೇಲೆ, ತಾವಾಗಿಯೇ ಒಪ್ಪಿ, ಯಾರ ಕೂಗಿಗೂ ಅಲ್ಲದೆ, ಸಂಬಳವಿಲ್ಲದ ಕೆಲಸಕ್ಕೆ ಇಳಿದದ್ದು ಒಂದು ದೊಡ್ಡ ಕತೆ. ಆ ಕೆಲಸ ನಡೆದದ್ದು ಆಫೀಸು ಬಿಟ್ಟ ಮೇಲೆ, ಇಸ್ಕೂಲು ಬಿಟ್ಟ ಮೇಲೆ, ಭಾನುವಾರ, ರಾತ್ರಿ ಹೊತ್ತು. ಚಳವಳಿಯ ಚರಿತ್ರೆ ಬರೆಯುವವರು ಮೆರವಣಿಗೆಯ ಹಗಲನ್ನು ಬರೆದಿದ್ದಾರೆ, ಆ ಹಗಲನ್ನು ಕಟ್ಟಿದ ರಾತ್ರಿಗಳನ್ನು ಬಿಟ್ಟಿದ್ದಾರೆ. ತುಮಕೂರಿನ ಸದಾಶಿವನಗರದಂಥ ಬಡಾವಣೆಗಳಲ್ಲಿ ಬಾಡಿಗೆ ಮನೆ ಹಿಡಿದು, ಹಗಲೆಲ್ಲ ಇನ್ನೊಬ್ಬರ ಕೆಲಸ ಮಾಡಿ, ಸಂಜೆಯ ಮೇಲೆ ‘ನಮ್ಮ ಕೆಲಸ’ ಅಂತ ಕೂರುವ ನಮ್ಮಂಥವರು ಆ ರಾತ್ರಿಗಳ ಲೆಕ್ಕ ಇಡಬೇಕಾಗಿದೆ.

ಮೊದಲಿಗೆ ಒಂದು ಪ್ರಶ್ನೆ. ಈ ‘ಬಿಡುವಿನ ಹೊತ್ತು’ ಎಲ್ಲಿಂದ ಬಂತು? ಮುಗಿಲಿಂದ ಉದುರಲಿಲ್ಲ. ನಾವು ಸಭೆ ಕರೆಯುವ ಭಾನುವಾರವನ್ನು ದೇವರು ಕೊಟ್ಟದ್ದಲ್ಲ, ದೊರೆ ಕೊಟ್ಟದ್ದೂ ಅಲ್ಲ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಹೊತ್ತು ಮೂಡಿದಾಗ ಒಳಹೊಕ್ಕ ಕೂಲಿ ಹೊತ್ತು ಮುಳುಗಿದ ಮೇಲೆ ಹೊರಬರುತ್ತಿದ್ದ ಕಾಲ ಅದು. ವಾರದ ರಜೆ ಎಂಬುದು ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆ ಎಂಬಾತ ಒಂದು ಗಿರಣಿಯಲ್ಲಿ ಉಗ್ರಾಣದ ಲೆಕ್ಕ ನೋಡುತ್ತಿದ್ದವನು, ಜೋತಿರಾವ್ ಫುಲೆಯವರ ಸತ್ಯಶೋಧಕ ಸಮಾಜದವನು. ‘ದೀನಬಂಧು’ ಪತ್ರಿಕೆ ನಡೆಸುತ್ತ 1884ರಲ್ಲಿ ಗಿರಣಿ ಕೂಲಿಗಳ ಸಂಘ ಕಟ್ಟಿದ. 1890ರ ಏಪ್ರಿಲ್‌ನಲ್ಲಿ ಹತ್ತು ಸಾವಿರದಷ್ಟು ಕೂಲಿಗಳು ಸಭೆ ಸೇರಿದರು. ಇಬ್ಬರು ಕೂಲಿ ಹೆಂಗಸರು ಎದ್ದು ನಿಂತು ಮಾತಾಡಿದರು. ಅದೇ ವರ್ಷ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ನಮ್ಮ ಭಾನುವಾರದ ವಯಸ್ಸು ಅಷ್ಟೇ. ನೋಡಿ, ಪತ್ರಿಕೆ ನಡೆಸೋದು, ಸಂಘ ಕಟ್ಟೋದು ಆತನ ಹೊಟ್ಟೆಪಾಡಿನ ಕೆಲಸವಲ್ಲ. ರಜೆಯೇ ಇಲ್ಲದ ಕಾಲದಲ್ಲಿ, ಕೆಲಸದ ಆಚೆಗೆ ಹೊತ್ತು ಕದ್ದು, ಎಲ್ಲರಿಗೂ ಹೊತ್ತು ಗೆದ್ದುಕೊಟ್ಟ ಮನುಷ್ಯ ಲೋಖಂಡೆ.

ದಿನದ ಸಂಜೆ ಬಂದದ್ದು ಇನ್ನೂ ತಡವಾಗಿ. 1934ರ ಕಾರ್ಖಾನೆ ಕಾಯ್ದೆಯಲ್ಲಿ ವಾರಕ್ಕೆ 54 ಗಂಟೆ ದುಡಿಮೆ. 1942ರಿಂದ 1946ರವರೆಗೆ ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದವರು ಬಾಬಾಸಾಹೇಬ್ ಅಂಬೇಡ್ಕರ್. 1946ರ ತಿದ್ದುಪಡಿಯಲ್ಲಿ ಅದು 48 ಗಂಟೆಗೆ ಇಳಿಯಿತು. ವಾರಕ್ಕೆ ಆರು ಗಂಟೆ. ಲೆಕ್ಕದಲ್ಲಿ ಸಣ್ಣದು. ಆದರೆ ಒಬ್ಬ ಮನುಷ್ಯ ಮೂರು ಸಂಜೆ ರಾತ್ರಿಶಾಲೆಯಲ್ಲಿ ಕೂರಬಹುದಾದಷ್ಟು ಹೊತ್ತು ಅದು. ನಮ್ಮ ಹಳ್ಳಿಯ ಜೀತದಾಳಿಗಂತೂ ಆ ಆರು ಗಂಟೆಯೂ ಇರಲಿಲ್ಲ. 1975ರ ಸುಗ್ರೀವಾಜ್ಞೆ, 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಬರುವ ತನಕ, ಬಂದ ಮೇಲೂ ಎಷ್ಟೋ ಕಡೆ, ಅವನ ಹಗಲೂ ಗೌಡನದೇ, ರಾತ್ರಿಯೂ ಗೌಡನದೇ. ಜೀತದವನಿಗೆ ‘ಕೆಲಸ ಬಿಟ್ಟ ಮೇಲೆ’ ಅಂತ ಒಂದು ಹೊತ್ತೇ ಇಲ್ಲ. ಚಳವಳಿ ಕಟ್ಟೋಕೆ ಮೊದಲು ಬೇಕಾದ್ದು ಸಿದ್ಧಾಂತ ಅನ್ನುತ್ತಾರೆ. ನಾವು ಅನ್ನೋದು, ಮೊದಲು ಬೇಕಾದ್ದು ಎರಡು ಗಂಟೆ ಹೊತ್ತು.

ಆ ಎರಡು ಗಂಟೆಯನ್ನು ಮೊದಲು ಕಂಡುಕೊಂಡವರು ಫುಲೆ ದಂಪತಿಗಳೇ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದವರು 1855ರಲ್ಲಿ ರೈತರಿಗೆ, ಕೂಲಿಗಳಿಗೆ ರಾತ್ರಿಶಾಲೆ ತೆರೆದರು. ಹಗಲು ದುಡಿಯುವವನಿಗೆ ಹಗಲಿನ ಶಾಲೆ ಇದ್ದೂ ಇಲ್ಲದ ಹಾಗೆ ಎಂಬುದು ಅವರಿಗೆ ಗೊತ್ತಿತ್ತು. ನಮ್ಮ ಕಡೆ ಮಂಗಳೂರಿನಲ್ಲಿ ವಕೀಲಿಕೆ ಮಾಡುತ್ತಿದ್ದ ಕುದ್ಮುಲ್ ರಂಗರಾವ್ 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಸಾರಸ್ವತ ಬ್ರಾಹ್ಮಣ. ಜಾತಿಯವರು ದೂರ ಇಟ್ಟರು. ಕೊನೆಗೆ ವಕೀಲಿಕೆಯೇ ಹಿಂದಕ್ಕೆ ಬಿತ್ತು, ಮಿಷನ್ನೇ ಮುಂದಾಯಿತು. ದೊಡ್ಡ ಮನುಷ್ಯ, ಸಂಶಯವಿಲ್ಲ. ಆದರೂ ಅದು ಮೇಲಿನಿಂದ ಕೆಳಕ್ಕೆ ಚಾಚಿದ ಕೈ. ನಾವಿಲ್ಲಿ ಹುಡುಕುತ್ತಿರುವುದು ಪಕ್ಕದಿಂದ ಪಕ್ಕಕ್ಕೆ ಚಾಚಿದ ಕೈಯನ್ನು.

ಬಾಬಾಸಾಹೇಬರು 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ ತರಗತಿಗಳನ್ನು ಬೆಳಗಿನ ಜಾವಕ್ಕೆ ಇಟ್ಟರು. ಗುಮಾಸ್ತಿಕೆ ಮಾಡುವ ಹುಡುಗ ಪಾಠ ಮುಗಿಸಿ ಆಫೀಸಿಗೆ ಹೋಗಲಿ ಅಂತ. ಕಾಲೇಜಿನ ಗಡಿಯಾರವನ್ನು ಬಡವನ ಹೊಟ್ಟೆಪಾಡಿಗೆ ಹೊಂದಿಸಿದ್ದು ಅದು. (ತುಮಕೂರಿನಲ್ಲೂ ಸಿದ್ಧಾರ್ಥನ ಹೆಸರಿನಲ್ಲೇ ಎಚ್.ಎಂ. ಗಂಗಾಧರಯ್ಯನವರು 1959ರಲ್ಲಿ ಶಿಕ್ಷಣ ಸಂಸ್ಥೆ ಕಟ್ಟಿದರು. ಆ ಕತೆಯನ್ನು ಬೇರೆಯೇ ಬರೆಯಬೇಕು.) ಹತ್ತು ವರ್ಷ ಕಳೆದು, 1956ರ ಮಾರ್ಚ್ 18ರಂದು, ಆಗ್ರಾದಲ್ಲಿ ಅದೇ ಬಾಬಾಸಾಹೇಬರು ನೊಂದು ಮಾತಾಡಿದರು. ಓದಿ ನೌಕರಿ ಹಿಡಿದವರು ಸಮಾಜಕ್ಕೆ ಹೆಗಲು ಕೊಡುತ್ತಾರೆಂದು ನಂಬಿದ್ದೆ, ಅವರು ತಮ್ಮ ಹೊಟ್ಟೆ ನೋಡಿಕೊಂಡರು ಎಂಬ ಅರ್ಥದ ಮಾತು. ಆ ಮಾತು ಕರ್ನಾಟಕದ ಪ್ರತಿಯೊಬ್ಬ ದಲಿತ ನೌಕರನ ಬೆನ್ನಿಗೆ ಚುಚ್ಚಿದ ಮುಳ್ಳು. ಕೆಲವರು ಅದನ್ನು ಕಿತ್ತೆಸೆದು ಕ್ವಾರ್ಟರ್ಸ್ ಸೇರಿದರು. ಕೆಲವರಿಗೆ ರಾತ್ರಿ ನಿದ್ದೆ ಬರಲಿಲ್ಲ. ಈ ಎರಡನೆಯವರಿಂದಲೇ ಚಳವಳಿ ಆಯಿತು.

1970ರ ದಶಕಕ್ಕೆ ಬರೋಣ. ಹಾಸ್ಟೆಲಿನಲ್ಲಿ ಓದಿದ ಮೊದಲ ತಲೆಮಾರು ಮೇಷ್ಟರು, ಗುಮಾಸ್ತ, ಅಧ್ಯಾಪಕ, ಬ್ಯಾಂಕ್ ನೌಕರ ಆಗಿ ಹೊರಬರುತ್ತಿದ್ದ ಕಾಲ. ಮಲ ಹೊರುವ ಪದ್ಧತಿಗೆ ನಿಷೇಧ ತಂದ ಮಂತ್ರಿ ಬಿ. ಬಸವಲಿಂಗಪ್ಪ 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಬೂಸಾ ಮಾತಾಡಿದರು, ಹಾಸ್ಟೆಲುಗಳ ಮೇಲೆ ಕಲ್ಲು ಬಿತ್ತು, ಮಂತ್ರಿಗಿರಿ ಹೋಯಿತು. ಕಲ್ಲೇಟು ತಿಂದ ಹುಡುಗರು ಸುಮ್ಮನೆ ಕೂರಲಿಲ್ಲ. ಭದ್ರಾವತಿಯ ಸರ್ ಎಂ.ವಿ. ಕಾಲೇಜಿನ ಕನ್ನಡ ಅಧ್ಯಾಪಕ ಬಿ. ಕೃಷ್ಣಪ್ಪನವರ ಮುಂದಾಳ್ತನದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿತು. ಈವತ್ತು ಬಣಗಳು ಎಷ್ಟಾಗಿದ್ದರೂ ಬ್ಯಾನರುಗಳ ಮೇಲೆ ಕಾಣುವುದು ಆ 1974–75ರ ನೋಂದಣಿಯೇ. ಜಗಳವಾಡಿಕೊಂಡ ಅಣ್ಣತಮ್ಮಂದಿರು ಅಪ್ಪನ ಹೆಸರನ್ನು ಮಾತ್ರ ಬಿಡದ ಹಾಗೆ.

ಯಾರು ಈ ಸಂಘಟನೆ ಕಟ್ಟಿದವರು? ಪೂರ್ಣಾವಧಿ ರಾಜಕಾರಣಿಗಳಲ್ಲ. ಕೃಷ್ಣಪ್ಪ ಮೇಷ್ಟರು. ದೇವನೂರ ಮಹಾದೇವ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ ನೌಕರರು. ಸಿದ್ಧಲಿಂಗಯ್ಯ ಬೆಂಗಳೂರಿನಲ್ಲಿ ವಿದ್ಯಾರ್ಥಿ, ಆಮೇಲೆ ಅಧ್ಯಾಪಕರು. ನಮ್ಮ ತುಮಕೂರಿನಲ್ಲಿ 2019ರಲ್ಲಿ ತೀರಿಹೋದ ಕವಿ ಕೆ.ಬಿ. ಸಿದ್ಧಯ್ಯನವರು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ ದಸಂಸ ಕಟ್ಟಿದವರು. ಇವರೆಲ್ಲರ ಹೆಸರು ನಮಗೆ ಗೊತ್ತು. ಹೆಸರು ಗೊತ್ತಿಲ್ಲದವರು ಸಾವಿರಾರು. ಐದೂವರೆಗೆ ಕಚೇರಿ ಬಾಗಿಲು ಹಾಕಿಕೊಂಡು, ಸೈಕಲ್ಲು ತುಳಿದು, ಕೇರಿಯ ಜಗುಲಿ ಮೇಲೆ ಲಾಟೀನು ಇಟ್ಟುಕೊಂಡು ಕೂತವರು.

ಕೂತು ಏನು ಮಾಡುತ್ತಿದ್ದರು? ಭಾಷಣ ಅಂದುಕೊಂಡರೆ ತಪ್ಪು. ಭಾಷಣ ವರ್ಷಕ್ಕೆ ನಾಲ್ಕು ಸಲ. ಉಳಿದ ರಾತ್ರಿಗಳಲ್ಲಿ ನಡೆದದ್ದು ಒಂದೇ ಕೆಲಸ: ಅರ್ಜಿ ಬರೆಯೋದು. ನಮ್ಮ ಮಟ್ಟಿಗೆ ಚಳವಳಿಯ ನಿಜವಾದ ಸಾಹಿತ್ಯ ಅದೇ. “ಮಾನ್ಯ ತಹಸೀಲ್ದಾರರವರಿಗೆ” ಅಂತ ಶುರುವಾಗಿ, ಸರ್ವೆ ನಂಬರು, ಚಕ್ಕುಬಂದಿ, ಎಷ್ಟು ಎಕರೆ ಎಷ್ಟು ಗುಂಟೆ, ಯಾವ ವರ್ಷದಿಂದ ಉಳುಮೆ ಅಂತೆಲ್ಲ ಬರೆದು, ಕೊನೆಗೆ ಹೆಬ್ಬೆಟ್ಟು. ಕೆಳಗೆ ಕಾರ್ಬನ್ ಹಾಳೆ ಇಟ್ಟು ಇನ್ನೊಂದು ಪ್ರತಿ. ಅದರ ಮೇಲೆ ಕಚೇರಿಯ ಸೀಲು ಹಾಕಿಸಿಕೊಂಡು ಬರದಿದ್ದರೆ ಅರ್ಜಿ ಕೊಟ್ಟೇ ಇಲ್ಲ ಅನ್ನುತ್ತಾರೆ ಎಂಬುದು ಕಚೇರಿಯ ಒಳಗೇ ಕೂತ ಗುಮಾಸ್ತನಿಗಲ್ಲದೆ ಇನ್ಯಾರಿಗೆ ಗೊತ್ತು? ಕಚೇರಿ ಬಡವನನ್ನು ಹೇಗೆ ಓಡಿಸುತ್ತದೆ ಎಂಬ ವಿದ್ಯೆಯನ್ನು ಹಗಲು ಅಲ್ಲೇ ಕಲಿತು, ಓಡಿಸಿಕೊಳ್ಳದೆ ನಿಲ್ಲೋದು ಹೇಗೆ ಅಂತ ರಾತ್ರಿ ಕೇರಿಗೆ ಕಲಿಸಿದ ನೌಕರರು ಅವರು.

ಫಾರಂ ನಂಬರುಗಳನ್ನೇ ಸಾಲಾಗಿ ಇಟ್ಟರೆ ಕೇರಿಯ ಚರಿತ್ರೆ ಆಗುತ್ತದೆ. 1974ರ ಭೂ ಸುಧಾರಣೆ ತಿದ್ದುಪಡಿ ಬಂದಾಗ ಗೇಣಿದಾರ ತುಂಬಬೇಕಾಗಿದ್ದು 7ನೇ ನಂಬರಿನ ಫಾರಂ. 1979ರ ಜೂನ್ 30 ಅದಕ್ಕೆ ಕೊನೆ ದಿನ. ಆ ದಿನ ದಾಟಿದರೆ ಹೊಲ ಹೋದಂತೆಯೇ. ಬಹಳಷ್ಟು ದಲಿತರು ಗೇಣಿದಾರರೂ ಅಲ್ಲ, ಬರೀ ಕೂಲಿಗಳು. ಹಾಗಾಗಿ ಅರಸು ಸರ್ಕಾರದ ಆ ದೊಡ್ಡ ಕಾಯ್ದೆ ಎಷ್ಟೋ ಕೇರಿಗಳ ಬಾಗಿಲವರೆಗೆ ಬಂದು ಹಾಗೇ ಮುಂದಕ್ಕೆ ಹೋಯಿತು. ಇದನ್ನು ಹೊಗಳುವವರು ಮರೆಯಬಾರದು. 1978ರಲ್ಲಿ ಬಂದ ಪಿ.ಟಿ.ಸಿ.ಎಲ್. ಕಾಯ್ದೆ ನಮ್ಮ ಪಾಲಿಗೆ ಹೆಚ್ಚು ಹತ್ತಿರದ್ದು. ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನನ್ನು ಒಂದು ಚೀಲ ರಾಗಿಗೋ, ಒಂದು ಮದುವೆಯ ಸಾಲಕ್ಕೋ ಬರೆಸಿಕೊಂಡವರಿಂದ ಮರಳಿ ಕೊಡಿಸುವ ಕಾಯ್ದೆ ಅದು. ಆದರೆ ಮಂಜೂರಾತಿ ಆದೇಶ ಎಲ್ಲಿದೆ? ಅಜ್ಜನ ಕಾಲದ ಸಾಗುವಳಿ ಚೀಟಿ ಇಲಿ ತಿಂದಿರುತ್ತದೆ. ರೆಕಾರ್ಡ್ ರೂಮಿನಲ್ಲಿ ನಕಲು ತೆಗೆಸಬೇಕು. ಅದಕ್ಕೆ ಯಾವ ಕಾಗದ ಕೇಳಬೇಕು, ಯಾವ ವರ್ಷದ್ದು ಕೇಳಬೇಕು ಎಂದು ಹೇಳಿಕೊಡುವವನು ಬೇಕು. ಆಮೇಲೆ ಬಗರ್ ಹುಕುಂ: 1991ರ ಫಾರಂ 50, 1998–99ರ ಫಾರಂ 53, 2018ರ ಫಾರಂ 57. ಅಪ್ಪ 50ರಲ್ಲಿ ಬರೆದ ಜಮೀನಿಗೆ ಮಗ 57ರಲ್ಲೂ ಬರೆದದ್ದುಂಟು. ಬರೆದುಕೊಟ್ಟ ಮೇಷ್ಟರು ಅಷ್ಟರಲ್ಲಿ ರಿಟೈರಾಗಿರುತ್ತಾರೆ.

ಇದನ್ನು ಸೇವೆ ಅನ್ನಬೇಕೋ, ಹೋರಾಟ ಅನ್ನಬೇಕೋ? ನಮಗೆ ಆ ವ್ಯತ್ಯಾಸ ತಿಳಿಯದು. ಸಾಲ ತೀರಿಸೋದು ಅಂದರೆ ಸರಿಹೋದೀತು. ಅಕ್ಕ ಕೂಲಿಗೆ ಹೋಗಿ ತಮ್ಮನನ್ನು ಓದಿಸಿದ್ದಾಳೆ, ಕೇರಿಯವರು ಚಂದಾ ಎತ್ತಿ ಪರೀಕ್ಷೆ ಫೀಸು ಕಟ್ಟಿದ್ದಾರೆ. ಆ ಸಾಲಕ್ಕೆ ಬಡ್ಡಿ ಅಂತ ರಾತ್ರಿ ಎರಡು ಗಂಟೆ.

ಹಗಲು ಸರ್ಕಾರದ ಅನ್ನ, ರಾತ್ರಿ ಸರ್ಕಾರದ ವಿರುದ್ಧ ಅರ್ಜಿ. ಇದು ಸುಲಭದ ಬಾಳಲ್ಲ. 1966ರ ಕರ್ನಾಟಕ ನಾಗರಿಕ ಸೇವಾ ನಡತೆ ನಿಯಮಗಳು ನೌಕರನನ್ನು ರಾಜಕೀಯದಿಂದ, ಸರ್ಕಾರದ ಟೀಕೆಯಿಂದ ದೂರ ಇಟ್ಟಿದ್ದವು. 2021ರಲ್ಲಿ ಹೊಸ ನಿಯಮಗಳು ಬಂದವು, ಕಟ್ಟು ಸಡಿಲವಾಗಲಿಲ್ಲ. ಅದಕ್ಕೇ ಕರಪತ್ರದ ಕೆಳಗೆ ನೌಕರನ ಹೆಸರಿಲ್ಲ. ಕವನಕ್ಕೆ ಬೇರೆ ಹೆಸರು. ಪಾಳೇಗಾರನ ಕೋಪಕ್ಕೆ ಸಿಕ್ಕಿದ ಮೇಷ್ಟರಿಗೆ ಇಸ್ಕೂಲು ತೆರೆಯುವ ತಿಂಗಳಲ್ಲೇ ಇನ್ನೊಂದು ತಾಲ್ಲೂಕಿನ ಮೂಲೆಗೆ ವರ್ಗ. ವರ್ಗವಾದ ಕಡೆಯೂ ಒಂದು ಕೇರಿ ಇರುತ್ತಿತ್ತು ಎಂಬುದನ್ನು ವರ್ಗ ಮಾಡಿಸಿದವರು ಯೋಚಿಸಿರಲಿಲ್ಲ. ಸಮಿತಿಯ ಎಷ್ಟೋ ಶಾಖೆಗಳು ಹೀಗೆ ಶಿಕ್ಷೆಯ ವರ್ಗಾವಣೆಯಿಂದಲೇ ಹುಟ್ಟಿದವು ಅಂತ ಹಳಬರು ನಗುತ್ತಾ ಹೇಳುತ್ತಾರೆ.

ಈ ನೌಕರರ ಇಕ್ಕಟ್ಟನ್ನೇ ಒಂದು ಸಿದ್ಧಾಂತ ಮಾಡಿದವರು ಕಾನ್ಶಿರಾಂ. ಪುಣೆಯ ಸ್ಫೋಟಕ ಸಂಶೋಧನಾ ಪ್ರಯೋಗಾಲಯದಲ್ಲಿ ನೌಕರರಾಗಿದ್ದಾಗ, ಅಂಬೇಡ್ಕರ್ ಜಯಂತಿ, ಬುದ್ಧ ಜಯಂತಿಯ ರಜೆ ತೆಗೆದುಹಾಕಿದ್ದನ್ನು ದೀನಾಭಾನ ಎಂಬ ಕೆಳದರ್ಜೆ ನೌಕರ ಪ್ರತಿಭಟಿಸಿ ಕೆಲಸ ಕಳೆದುಕೊಂಡ. ಆ ಜಗಳದಲ್ಲಿ ಕಾನ್ಶಿರಾಂ ಕಣ್ಣು ತೆರೆಯಿತು. ಗಮನಿಸಿ, ಅಲ್ಲೂ ಜಗಳ ರಜೆಯ ದಿನಕ್ಕಾಗಿಯೇ. 1978ರ ಡಿಸೆಂಬರ್ 6ರಂದು ಬಾಮ್‌ಸೆಫ್ ಶುರುವಾಯಿತು. ನೌಕರನು ಸಮಾಜಕ್ಕೆ ಹೊತ್ತು ಕೊಡಲಿ, ಬುದ್ಧಿ ಕೊಡಲಿ, ದುಡ್ಡು ಕೊಡಲಿ. ಬೀದಿಗೆ ಇಳಿಯುವುದು ಬೇಡ ಎಂಬುದು ಅದರ ಲೆಕ್ಕಾಚಾರ. ನಮ್ಮ ದಸಂಸದ ದಾರಿ ಬೇರೆ. ಇಲ್ಲಿ ಮೇಷ್ಟರುಗಳೇ ಬೀದಿಗೂ ಇಳಿದರು. 1986ರ ಮಾರ್ಚ್‌ನಲ್ಲಿ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋಗಿ ಏಟು ತಿಂದವರಲ್ಲಿ ರಜೆ ಹಾಕಿ ಹೋದವರೂ ಇದ್ದಿರಬೇಕು. ಯಾವ ದಾರಿ ಸರಿ ಎಂಬ ಜಗಳ ಇನ್ನೂ ಮುಗಿದಿಲ್ಲ, ಮುಗಿಸುವ ಆತುರ ನಮಗಿಲ್ಲ.

1978 ಇನ್ನೊಂದು ಕಾರಣಕ್ಕೂ ನೆನಪಿಡಬೇಕಾದ ವರ್ಷ. ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಆರಂಭವಾಗಿ ರಾತ್ರಿಶಾಲೆ ಸರ್ಕಾರದ ಯೋಜನೆಯಾಯಿತು. ಒಂದು ಕೇಂದ್ರಕ್ಕೆ 30 ಜನ, ಹತ್ತು ತಿಂಗಳು, ಕಲಿಸುವವನಿಗೆ ತಿಂಗಳಿಗೆ 50 ರೂಪಾಯಿ ಗೌರವಧನ. 50 ರೂಪಾಯಿ ಬಂದ ಕೂಡಲೇ ಊರ ಪ್ರಮುಖರ ತಮ್ಮಂದಿರು, ಅಳಿಯಂದಿರು ‘ಶಿಕ್ಷಕ’ರಾದದ್ದನ್ನೂ, ಸೀಮೆಎಣ್ಣೆ ಲೆಕ್ಕದಲ್ಲಿ ಉರಿದು ಲಾಟೀನಿನಲ್ಲಿ ಉರಿಯದೇ ಇದ್ದದ್ದನ್ನೂ ಹಳ್ಳಿಗಾಡಿನ ಮೇಷ್ಟರುಗಳಿಗೆ ನಾವು ಹೇಳಬೇಕಾಗಿಲ್ಲ. 1990ರ ದಶಕದ ಆರಂಭದ ಸಾಕ್ಷರತಾ ಆಂದೋಲನದಲ್ಲಿ ಆ ಗೌರವಧನವನ್ನೇ ತೆಗೆದರು. ಹತ್ತು ಜನರಿಗೆ ಒಬ್ಬ ಸ್ವಯಂಸೇವಕ, ಒಟ್ಟು 200 ಗಂಟೆ ಪಾಠ. ದಿನಕ್ಕೆ ಎರಡು ಗಂಟೆ ಅಂದರೆ ನೂರು ರಾತ್ರಿ. ದಕ್ಷಿಣ ಕನ್ನಡ, ಬಿಜಾಪುರದ ಜೊತೆಗೆ ನಮ್ಮ ತುಮಕೂರು ಜಿಲ್ಲೆಯೂ ಮೊದಮೊದಲೇ ಇದಕ್ಕೆ ಇಳಿಯಿತು. 1991ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ನೂರಕ್ಕೆ 56. ಉಳಿದ 44ರಲ್ಲಿ ನಮ್ಮವರು ಎಷ್ಟು ಎಂಬುದನ್ನು ಬಿಡಿಸಿ ಹೇಳಬೇಕೇ? ಸಮುದಾಯ ತಂಡದವರ ಬೀದಿ ನಾಟಕದ ಅಭ್ಯಾಸ ಈ ಆಂದೋಲನದ ಕಲಾಜಾಥಾಗಳಿಗೆ ಅಡಿಪಾಯವಾಯಿತು. 1975ರಲ್ಲಿ ಹುಟ್ಟಿದ ಆ ತಂಡದಲ್ಲೂ ಬ್ಯಾಂಕು, ವಿಮೆ, ಕಾರ್ಖಾನೆಗಳ ನೌಕರರೇ ತುಂಬಿದ್ದರು. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ದಲಿತರನ್ನು ಸುಟ್ಟ ಕತೆ ಕರ್ನಾಟಕದ ಬೀದಿಗಳಿಗೆ ‘ಬೆಲ್ಚಿ’ ನಾಟಕವಾಗಿ ಬಂದದ್ದು ಹೀಗೆ ಶಿಫ್ಟು ಮುಗಿಸಿ ಬಂದವರ ಕೊರಳಿನಿಂದ.

ಇಷ್ಟೆಲ್ಲ ಹೇಳಿ ಒಂದು ಮಾತು ನುಂಗಿದರೆ ಅಪ್ರಾಮಾಣಿಕತೆ ಆದೀತು. ‘ಆಫೀಸು ಬಿಟ್ಟ ಮೇಲೆ’ ಎಂಬ ಹೊತ್ತು ಗಂಡಸಿನದು. ಸಂಜೆ ಏಳರಿಂದ ಹತ್ತು ಅಂದರೆ ಹೆಂಗಸಿಗೆ ಒಲೆ, ಮುದ್ದೆ, ಮಕ್ಕಳ ಹೊತ್ತು. ಮೇಡಂ ಆಗಿ ಹಗಲು ದುಡಿದು ಬಂದವಳಿಗೂ ಅಷ್ಟೇ. ಸಭೆಗೆ ಬಂದ ಎಂಟು ಮಂದಿಗೆ ಟೀ ಕಾಸಿದವಳು, ರಾತ್ರಿ ಹನ್ನೊಂದಕ್ಕೆ ಬಂದ ಕಾರ್ಯಕರ್ತರಿಗೆ ಎದ್ದು ಮತ್ತೆ ಎಸರಿಟ್ಟವಳು ಯಾವ ಸಮಿತಿಯ ಸದಸ್ಯೆ? ಅವಳ ಹೊತ್ತನ್ನು ಯಾವ ಪುಸ್ತಕದಲ್ಲಿ ಬರೆದಿದ್ದೇವೆ? ಸಾವಿತ್ರಿಬಾಯಿ ಫುಲೆ 1897ರಲ್ಲಿ ಪ್ಲೇಗಿನ ರೋಗಿಗಳ ಆರೈಕೆ ಮಾಡುತ್ತಲೇ ಅದೇ ಪ್ಲೇಗಿಗೆ ಬಲಿಯಾದರು. ಅವರ ಫೋಟೋವನ್ನು ಗೋಡೆಗೆ ಹಾಕಿ, ಅಡುಗೆಮನೆ ಬಾಗಿಲ ಮುಂದೆ ಕೂತು ಸಭೆ ನಡೆಸಿದವರು ನಾವು ಗಂಡಸರು. ಬಿಟ್ಟಿ ಚಾಕರಿಯನ್ನು ಊರಿನಿಂದ ಓಡಿಸಲು ಹೊರಟವರ ಮನೆಯೊಳಗೇ ಬಿಟ್ಟಿ ಉಳಿದುಕೊಂಡಿತ್ತು.

ಈಗಿನ ಮಾತು. 1970ರ ದಶಕದ ಕೊನೆಗೆ ತುಮಕೂರಿಗೆ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ ಬಂತು. ಕೈಗಡಿಯಾರ ಮಾಡುವ ಕೈಗಳಿಗೆ ಗೊತ್ತಾದ ಪಾಳಿ, ಗೊತ್ತಾದ ಸಂಜೆ, ಮೀಸಲಾತಿಯ ಕೆಲಸ ಇತ್ತು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್.ಎಂ.ಟಿ. ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ಆ ಕಾರ್ಮಿಕರ ಮೊಮ್ಮಕ್ಕಳ ವಯಸ್ಸಿನ ಹುಡುಗ ಹುಡುಗಿಯರು ವಸಂತನರಸಾಪುರದ ಕಾರ್ಖಾನೆಗಳಿಗೆ ಗುತ್ತಿಗೆಯಲ್ಲಿ ಹೋಗುತ್ತಾರೆ, ಇಲ್ಲವೇ ಬೆಳಗಿನ ರೈಲು ಹತ್ತಿ 70 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಇಳಿಯುತ್ತಾರೆ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿ ಇಸ್ಕೂಲುಗಳ ಅತಿಥಿ ಶಿಕ್ಷಕನಿಗೆ ಬರುವ ವರ್ಷ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲ. ಅವನನ್ನು ಶಿಕ್ಷೆಯ ವರ್ಗಾವಣೆ ಮಾಡಬೇಕಾಗಿಯೂ ಇಲ್ಲ, ಮತ್ತೆ ಕರೆಯದಿದ್ದರೆ ಮುಗಿಯಿತು.

2023ರ ಫೆಬ್ರವರಿಯಲ್ಲಿ ನಮ್ಮ ವಿಧಾನಮಂಡಲ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಕೊಡುವ ಕಾರ್ಖಾನೆ ತಿದ್ದುಪಡಿಯನ್ನು ಅಂಗೀಕರಿಸಿತು. ವಾರಕ್ಕೆ 48 ದಾಟುವುದಿಲ್ಲವಲ್ಲ ಅಂದರು. ವಾರದ ಲೆಕ್ಕ ಸರಿ ಇರಬಹುದು, ದಿನದ ಸಂಜೆ ಹೋಯಿತಲ್ಲ. 2024ರಲ್ಲಿ ಐಟಿ ಕಂಪನಿಗಳಿಗೆ 14 ಗಂಟೆಯ ದಿನದ ಪ್ರಸ್ತಾಪ ಬಂದಾಗ ಆ ನೌಕರರ ಸಂಘ ಬೀದಿಗೆ ಬಂತು. ಕಂಪ್ಯೂಟರಿನ ಮುಂದೆ ಕೂರುವ ಆ ಹುಡುಗರಿಗೆ ಲೋಖಂಡೆಯ ಹೆಸರು ಗೊತ್ತಿತ್ತೋ ಇಲ್ಲವೋ, ಕೇಳಿದ್ದು ಮಾತ್ರ ಆತ ಕೇಳಿದ್ದನ್ನೇ. ಅವರ ಧರಣಿಗೆ ನಮ್ಮ ಸಂಘಟನೆಗಳು ಇನ್ನೂ ಹೆಚ್ಚು ಮಂದಿಯನ್ನು ಕಳಿಸಬೇಕಾಗಿತ್ತು. “ಅದು ಎ.ಸಿ. ರೂಮಿನವರ ಜಗಳ” ಅಂತ ಅಂದುಕೊಂಡರೆ ನಮ್ಮ ರಾತ್ರಿಶಾಲೆ, ಅರ್ಜಿ, ನಾಟಕಗಳೆಲ್ಲ ಯಾವ ಹೊತ್ತಿನಲ್ಲಿ ಹುಟ್ಟಿದವು ಎಂಬುದನ್ನೇ ಮರೆತ ಹಾಗೆ.

ಗೆಳೆಯರೇ, ಹಳ್ಳಿ ಇಸ್ಕೂಲಿನ ಮೇಷ್ಟರುಗಳೇ, ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ, ಒಂದು ಕೆಲಸ ಇದೆ. ನಿಮ್ಮ ಮನೆಯ ಟ್ರಂಕಿನಲ್ಲಿ, ಅಟ್ಟದ ಮೇಲೆ, ರಿಟೈರಾದ ಮಾವನ ಬೀರುವಿನಲ್ಲಿ ಆ ಕಾರ್ಬನ್ ಪ್ರತಿಗಳು ಇರುತ್ತವೆ. 7ನೇ ಫಾರಂ, ಪಿ.ಟಿ.ಸಿ.ಎಲ್. ಅರ್ಜಿ, ರಾತ್ರಿಶಾಲೆಯ ಹಾಜರಿ ಪುಸ್ತಕ, ಚಂದಾ ರಸೀತಿಯ ಅರ್ಧ ಹರಿದ ಕಟ್ಟು. ಗೆದ್ದಲು ಹತ್ತುವ ಮೊದಲು ತೆಗೆದು ಬಿಸಿಲಿಗೆ ಹಾಕಿ. ಯಾವ ಊರು, ಯಾವ ತಾರೀಖು, ಸರ್ವೆ ನಂಬರು ಎಷ್ಟು, ಜಮೀನು ಕೊನೆಗೆ ಸಿಕ್ಕಿತೇ ಇಲ್ಲವೇ ಬರೆದಿಡಿ. ಕೈಬರಹ ಯಾರದು ಎಂದು ಮನೆಯ ಹಿರಿಯರನ್ನು ಕೇಳಿ. ಆ ರಾತ್ರಿ ಅಡುಗೆ ಮಾಡಿದವರು ಯಾರು ಎಂದೂ ಕೇಳಿ.